ಸ್ಟ್ರೋಕ್ ಆದ ಅಮ್ಮನಿಗೆ ಬಾಯಿಗೆ ಗಂಜಿ ಯಾವಾಗ ಕೊಡಬಹುದು? ನೋಡಿಕೊಂಡವರು ಹೇಳಿ

ಪೆರ್ಲದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ. ಅಮ್ಮನಿಗೆ 74 ವರ್ಷ. ಕಳೆದ ತಿಂಗಳು ಸ್ಟ್ರೋಕ್ ಆಯಿತು. ಬಲಗೈ, ಬಲಗಾಲಿಗೆ ಶಕ್ತಿ ಇಲ್ಲ. ಮಾತು ಅರ್ಧಂಬರ್ಧ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದೆವು. ಮೂಗಿಗೆ ಟ್ಯೂಬ್ ಹಾಕಿಯೇ ಮನೆಗೆ ಕಳಿಸಿದರು. ನುಂಗುವುದನ್ನು ಮತ್ತೆ ಪರೀಕ್ಷೆ ಮಾಡಿಸಿ ಅಂತ ಡಿಸ್ಚಾರ್ಜ್ ಕಾಗದದಲ್ಲಿ ಒಂದು ಸಾಲು ಇದೆ. ಎಲ್ಲಿ, ಯಾರ ಹತ್ತಿರ, ಎಷ್ಟು ದಿನ ಬಿಟ್ಟು ಅಂತ ಇಲ್ಲ.

ಮನೆಗೆ ನೋಡಲಿಕ್ಕೆ ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಗಂಜಿ ತಿಳಿ ಕೊಡು, ಬೊಂಡ (ಎಳನೀರು) ಕೊಡು, ಬಾಯಿಗೆ ರುಚಿ ಸಿಕ್ಕಿದರೆ ಬೇಗ ಹುಷಾರಾಗುತ್ತಾರೆ ಅಂತ. ಮೊನ್ನೆ ಚಿಕ್ಕಮ್ಮ ಬಂದವರು ನಾಲ್ಕು ಚಮಚ ಬೊಂಡದ ನೀರು ಕುಡಿಸಿದರು. ಅಮ್ಮ ಕೆಮ್ಮಲಿಲ್ಲ. "ನೋಡು, ಚೆನ್ನಾಗಿ ಇಳಿಯಿತಲ್ಲ" ಅಂದರು. ಆ ರಾತ್ರಿಯಿಂದ ಅಮ್ಮನ ಸ್ವರ ಗೊರಗೊರ ಅನ್ನುತ್ತಿದೆ. ಮೈ ಸ್ವಲ್ಪ ಬಿಸಿ ಇದೆ.

ಅಮ್ಮ ಅಡಿಗೆಮನೆ ಕಡೆ ಎಡಗೈ ತೋರಿಸಿ ಗಂಜಿ ಕೇಳುತ್ತಾರೆ. ನೋಡಿ ಸಹಿಸಲಿಕ್ಕೆ ಆಗುವುದಿಲ್ಲ. ಗಂಡ ದುಬೈಯಲ್ಲಿದ್ದಾರೆ. ಮನೆಯಲ್ಲಿ ನಾನು, ಇಬ್ಬರು ಮಕ್ಕಳು. ಬಾಯಿಗೆ ಯಾವಾಗ ಶುರು ಮಾಡಬಹುದು? ಏನಾದರೂ ಎಕ್ಸರ್‌ಸೈಜ್ ಇದೆಯೇ? ನಮ್ಮ ಕಡೆ ಇದಕ್ಕೆ ಯಾರ ಹತ್ತಿರ ಹೋಗಬೇಕು?

ಮಂಜೇಶ್ವರದ ಸ್ಪೀಚ್ ಥೆರಪಿಸ್ಟ್

ಅಕ್ಕ, ಉಳಿದ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ಗೊರಗೊರ ಸ್ವರ ಮತ್ತು ಮೈ ಬಿಸಿ ಎರಡೂ ಒಟ್ಟಿಗೆ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಬೊಂಡದ ನೀರು ಕೊಟ್ಟ ಮೇಲೆ ಶುರುವಾಯಿತು ಅಂತ ಬಾಯಿಬಿಟ್ಟು ಹೇಳಿ. ಎದೆಯ ಎಕ್ಸ್‌ರೇ ಬೇಕಾಗಬಹುದು. ಅಲ್ಲಿಯವರೆಗೆ ಬಾಯಿಗೆ ಒಂದು ಹನಿಯೂ ಬೇಡ.

ಕೆಮ್ಮಲಿಲ್ಲ ಎಂದರೆ ಸರಿಯಾಗಿ ಇಳಿಯಿತು ಅಂತ ಅರ್ಥ ಅಲ್ಲ. ನಮಗೆಲ್ಲ ಒಂದು ಹನಿ ನೀರು ಶ್ವಾಸನಾಳದ ಕಡೆ ಹೋದರೆ ಜೋರಾಗಿ ಕೆಮ್ಮು ಬರುತ್ತದೆ. ಸ್ಟ್ರೋಕ್ ಆದ ಕೆಲವರಿಗೆ ಗಂಟಲಿನ ಆ ಸ್ಪರ್ಶವೇ ಮಂಕಾಗಿರುತ್ತದೆ. ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಹೋಗುತ್ತದೆ. ನಾವು ಇದನ್ನು ಸೈಲೆಂಟ್ ಆಸ್ಪಿರೇಶನ್ ಅನ್ನುತ್ತೇವೆ. ಮನೆಯವರ ಕಣ್ಣಿಗೆ ಇದು ಕಾಣುವುದಿಲ್ಲ. ಎರಡು ದಿನ ಬಿಟ್ಟು ನ್ಯುಮೋನಿಯಾ ಆದಾಗ ಮಳೆಗೆ ಶೀತ ಆಯಿತು ಅಂದುಕೊಳ್ಳುತ್ತೇವೆ.

ವಯಸ್ಸಾದವರಲ್ಲಿ ನ್ಯುಮೋನಿಯಾಕ್ಕೆ ಜೋರು ಜ್ವರ ಬರಲೇಬೇಕು ಅಂತ ಇಲ್ಲ. ಸುಮ್ನೆ ಮಂಪರು, ಕರೆದರೆ ಓಗೊಡದೆ ಇರುವುದು, ಉಸಿರು ಬೇಗ ಬೇಗ ಆಡುವುದು, ಊಟದ ನಂತರ ಸ್ವರ ಒದ್ದೆಯಾಗುವುದು. ಇಷ್ಟು ಕಂಡರೂ ಸಾಕು, ಕಾಯಬೇಡಿ. ತೋರಿಸಿ ಬಂದ ಮೇಲೆ ಇಲ್ಲಿ ಬರೆಯಿರಿ.

ನೀರ್ಚಾಲು

ನಮ್ಮ ಅಜ್ಜನಿಗೂ ಪಾರ್ಶ್ವವಾಯು ಆಗಿತ್ತು. ಆಗ ಟ್ಯೂಬೂ ಇಲ್ಲ, ಥೆರಪಿಯೂ ಇಲ್ಲ. ಅಜ್ಜಿ ಗಂಜಿ ತಿಳಿ ಕುಡಿಸಿಯೇ ಎಬ್ಬಿಸಿದರು. ಎಲ್ಲದಕ್ಕೂ ಹೆದರಿಸಿದರೆ ಮನೆಯವರು ಏನು ಮಾಡಬೇಕು? ಗಂಜಿಗಿಂತ ಹಗುರ ಯಾವುದಿದೆ ಹೇಳಿ.

ಮಂಜೇಶ್ವರದ ಸ್ಪೀಚ್ ಥೆರಪಿಸ್ಟ್

ನೀರ್ಚಾಲು ಅಣ್ಣ, ನಿಮ್ಮ ಅಜ್ಜ ಎದ್ದಿರುತ್ತಾರೆ, ನಾನು ನಂಬುತ್ತೇನೆ. ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗುವ ತೊಂದರೆ ಇರುತ್ತದೆ. ಅವರಲ್ಲಿ ತುಂಬಾ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಸುಧಾರಿಸುತ್ತದೆ. ನಿಮ್ಮ ಅಜ್ಜ ಆ ಗುಂಪಿನಲ್ಲಿ ಇದ್ದಿರಬಹುದು. ಹಾಗೆ ಸುಧಾರಿಸದೆ ಎದೆಗೆ ಕಫ ಕಟ್ಟಿ ಹೋದವರ ಕತೆಯೂ ಪ್ರತಿ ಮನೆಯಲ್ಲಿ ಇದೆ. ಅವರು ಹೋದದ್ದು ಸ್ಟ್ರೋಕ್‌ನಿಂದ ಅಂತಲೇ ನಾವು ನೆನಪಿಟ್ಟುಕೊಂಡಿದ್ದೇವೆ.

ಈಗ ಗಂಜಿ ವಿಷಯ. ನಮ್ಮ ಕಡೆಯ ಎಲ್ಲಾ ಮನೆಯವರೂ ಇದನ್ನೇ ಕೇಳುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಜೀರ್ಣಕ್ಕೆ ಹಗುರ ಆದದ್ದು ನುಂಗಲಿಕ್ಕೆ ಸುಲಭ ಆಗಬೇಕೆಂದಿಲ್ಲ. ನೀರು, ಗಂಜಿ ತಿಳಿ, ಬೊಂಡ, ಸಾರು, ಮಜ್ಜಿಗೆ ಇವೆಲ್ಲ ಬಾಯಿಂದ ಬೇಗ ಜಾರುತ್ತವೆ. ನಾವು ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೆ ಎದ್ದು ಶ್ವಾಸದ ದಾರಿ ಮುಚ್ಚಬೇಕು. ಸ್ಟ್ರೋಕ್ ಆದವರಲ್ಲಿ ಅದು ಒಂದು ಕ್ಷಣ ತಡ ಆಗುತ್ತದೆ. ಗಟ್ಟಿ ಆಹಾರವಾದರೆ ಆ ಒಂದು ಕ್ಷಣ ನಾಲಿಗೆ ಮೇಲೆ ಕಾಯುತ್ತದೆ. ನೀರು ಕಾಯುವುದಿಲ್ಲ. ಅದಕ್ಕೇ ತುಂಬಾ ಜನರಿಗೆ ನೀರೇ ಎಲ್ಲಕ್ಕಿಂತ ಅಪಾಯ.

ಕುಚ್ಚಲಕ್ಕಿ ಗಂಜಿ ಅದಕ್ಕಿಂತಲೂ ಕಷ್ಟ. ಅದರಲ್ಲಿ ಎರಡು ಸೇರಿವೆ, ತೆಳು ನೀರು ಮತ್ತು ಬಿಡಿ ಬಿಡಿ ಅಗುಳು. ಅಗುಳನ್ನು ಜಗಿಯುತ್ತಾ ಇರುವಾಗಲೇ ನೀರು ಹಿಂದಕ್ಕೆ ಓಡಿರುತ್ತದೆ. ಚೆನ್ನಾಗಿ ಇರುವವರಿಗೆ ಇದು ಗೊತ್ತೇ ಆಗುವುದಿಲ್ಲ. ನುಂಗುವ ತೊಂದರೆ ಇರುವವರಿಗೆ ಇಂಥ ಮಿಶ್ರ ಆಹಾರವನ್ನು ನಾವು ಕಡೆಗೆ ಇಟ್ಟುಕೊಳ್ಳುತ್ತೇವೆ. ಅಕ್ಕಿ ಪಾಯಸ, ಹಾಲಿಗೆ ಹಾಕಿದ ಅವಲಕ್ಕಿ, ತರಕಾರಿ ಹೋಳು ಇರುವ ತೆಳು ಸಾಂಬಾರು ಎಲ್ಲ ಇದೇ ಜಾತಿ.

ಹಾಗಂತ ಗಂಜಿಯನ್ನು ಬಿಡಬೇಕಾಗಿಲ್ಲ. ಪರೀಕ್ಷೆಯಲ್ಲಿ ಗಟ್ಟಿ ನುಣುಪು ಆಹಾರ ಸರಿ ಅಂತ ಬಂದರೆ ಗಂಜಿಯನ್ನು ಚೆನ್ನಾಗಿ ಬೇಯಿಸಿ, ಹೆಚ್ಚಿನ ತಿಳಿ ಬಸಿದು, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ. ಜರಡಿಯಲ್ಲಿ ಸೋಸಿ. ಕುಚ್ಚಲಕ್ಕಿಯ ಸಿಪ್ಪೆ ಚೂರು ಉಳಿಯುತ್ತದೆ, ಅದು ಗಂಟಲಲ್ಲಿ ಅಂಟುತ್ತದೆ. ಚಮಚದಲ್ಲಿ ತೆಗೆದು ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಜಾರಿ ಬೀಳಬೇಕು. ನೀರಾಗಿ ಹರಿಯಬಾರದು, ಚಮಚಕ್ಕೆ ಗೋಂದಿನಂತೆ ಅಂಟಿಯೂ ಕೂರಬಾರದು. ಉಪ್ಪು, ಒಂದು ಚಮಚ ಮೊಸರು, ಉಪ್ಪಿನಕಾಯಿಯ ರಸ ಬೇಕಾದರೆ ಒಳಗೇ ಕಲಸಿ ರುಬ್ಬಿ. ರುಚಿ ಇಲ್ಲದಿದ್ದರೆ ಯಾರೂ ತಿನ್ನುವುದಿಲ್ಲ.

ಇನ್ನೊಂದು ವಿಷಯ. ಗಂಜಿಯ ದಪ್ಪ ಬರುವುದು ಪಿಷ್ಟದಿಂದ. ನಮ್ಮ ಎಂಜಲಿನಲ್ಲಿ ಪಿಷ್ಟವನ್ನು ಕರಗಿಸುವ ಅಂಶ ಇದೆ. ಬಾಯಿಗೆ ಹೋದ ಚಮಚವನ್ನೇ ಮತ್ತೆ ಬಟ್ಟಲಿಗೆ ಅದ್ದುತ್ತಾ ಇದ್ದರೆ ಅರ್ಧ ಊಟ ಆಗುವಾಗ ಗಂಜಿ ನೀರಾಗಿರುತ್ತದೆ. ಒಂದು ಸಣ್ಣ ಬಟ್ಟಲಿಗೆ ಸ್ವಲ್ಪ ಸ್ವಲ್ಪ ಬೇರೆ ತೆಗೆದುಕೊಂಡು ತಿನ್ನಿಸಿ. ಉಳಿದದ್ದು ಪಾತ್ರೆಯಲ್ಲಿ ಮುಚ್ಚಿರಲಿ.

ಬದಿಯಡ್ಕ ಕಡೆಯ ಪಾಲಿಯೇಟಿವ್ ನರ್ಸ್

ಪೆರ್ಲದ ಅಕ್ಕನಿಗೆ. ನಿಮ್ಮ ಪಂಚಾಯತಿನಲ್ಲಿ ಪಾಲಿಯೇಟಿವ್ ಹೋಮ್ ಕೇರ್ ಇದೆ. ಕ್ಯಾನ್ಸರ್ ಇದ್ದವರಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಕೇರಳದಲ್ಲಿ 2008ರ ಪಾಲಿಯೇಟಿವ್ ನೀತಿ ಬಂದ ಮೇಲೆ ಹಾಸಿಗೆ ಹಿಡಿದ ಯಾರನ್ನೂ ಮನೆಗೆ ಹೋಗಿ ನೋಡುವ ವ್ಯವಸ್ಥೆ ಆಗಿದೆ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ. ಸರಕಾರದ ಆರೋಗ್ಯ ಸಹಾಯವಾಣಿ ದಿಶಾ 1056ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಮೂಗಿನ ಟ್ಯೂಬ್ ಬದಲಿಸುವುದು, ಸರಿಯಾದ ಜಾಗದಲ್ಲಿ ಇದೆಯಾ ನೋಡುವುದು ನಮ್ಮ ಕೆಲಸವೇ. ಮಲಯಾಳ ಬರುವುದಿಲ್ಲ ಅಂತ ಸಂಕೋಚ ಬೇಡ. ಈ ಕಡೆ ಕೆಲಸ ಮಾಡುವವರಿಗೆ ತುಳು, ಕನ್ನಡ ಅರ್ಥ ಆಗುತ್ತದೆ.

ಟ್ಯೂಬ್ ಇದ್ದರೆ ಎದೆಗೆ ಹೋಗುವುದಿಲ್ಲ ಅಂತ ನಂಬಬೇಡಿ. ಎಂಜಲು ಹೋಗುತ್ತದೆ. ಹೊಟ್ಟೆಯಿಂದ ಮೇಲಕ್ಕೆ ಬಂದದ್ದೂ ಹೋಗುತ್ತದೆ. ಮಲಗಿಸಿಕೊಂಡು ಟ್ಯೂಬಿಗೆ ಹಾಕಲೇಬಾರದು. ತಲೆ ಕಡೆ ಎತ್ತರ ಮಾಡಿ ಅರ್ಧ ಕೂತ ಹಾಗೆ ಇರಲಿ. ಹಾಕಿ ಆದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಇರಲಿ. ಸಿರಿಂಜಿನ ಪಿಸ್ಟನ್ ಒತ್ತಿ ತಳ್ಳಬೇಡಿ, ಎತ್ತಿ ಹಿಡಿದರೆ ತಾನೇ ಇಳಿಯುತ್ತದೆ. ಕೊನೆಗೆ ಸ್ವಲ್ಪ ಕುದಿಸಿ ಆರಿಸಿದ ನೀರು ಹಾಕಿ ಟ್ಯೂಬ್ ತೊಳೆಯಿರಿ. ಮೂಗಿನ ಹತ್ತಿರ ಟ್ಯೂಬಿಗೆ ಪೆನ್ನಿನಲ್ಲಿ ಗುರುತು ಹಾಕಿ ಇಡಿ. ಗುರುತು ಹೊರಗೆ ಬಂದಿದ್ದರೆ ಏನೂ ಹಾಕದೆ ನಮಗೆ ಫೋನ್ ಮಾಡಿ.

ನನಗೆ ತುಂಬಾ ಬೇಸರ ಆಗುವ ಒಂದು ವಿಷಯ ಇದೆ. ಬಾಯಿಂದ ಏನೂ ತಿನ್ನುವುದಿಲ್ಲ, ಮತ್ತೆ ಹಲ್ಲು ಯಾಕೆ ಉಜ್ಜಬೇಕು ಅಂತ ಕೇಳುತ್ತಾರೆ. ಬಾಯಿ ಒಣಗಿ, ನಾಲಿಗೆ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಆ ಬಾಯಿಯ ಕ್ರಿಮಿಗಳೇ ಎಂಜಲಿನ ಜತೆ ಎದೆಗೆ ಇಳಿಯುವುದು. ಜಪಾನಿನ ವೃದ್ಧಾಶ್ರಮಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಊಟದ ನಂತರ ಬಾಯಿ ಶುಚಿ ಮಾಡಿದವರಲ್ಲಿ ನ್ಯುಮೋನಿಯಾ ಕಡಿಮೆ ಆಯಿತು ಅಂತ ಬಂದಿದೆ. ಅದಕ್ಕೆ ದುಡ್ಡಿಲ್ಲ, ಯಂತ್ರ ಬೇಡ. ಮೆತ್ತಗಿನ ಬ್ರಷ್, ಕೂರಿಸಿಕೊಂಡು, ತಲೆ ಸ್ವಲ್ಪ ಮುಂದಕ್ಕೆ. ಪೇಸ್ಟ್ ಕಡಲೆಯಷ್ಟು. ಬಾಯಿ ಮುಕ್ಕಳಿಸಲು ನೀರು ಕೊಡಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕಟ್ಟಿಸಿದ ಹಲ್ಲು ರಾತ್ರಿ ತೆಗೆದಿಡಿ.

ಮುಳ್ಳೇರಿಯ ತೋಟದವ

ಅಪ್ಪನಿಗೆ ಎರಡು ವರ್ಷ ಹಿಂದೆ ಆಗಿತ್ತು. ಈಗ ಎಲ್ಲರ ಜತೆ ಕೂತು ಊಟ ಮಾಡುತ್ತಾರೆ. ಕೈ ಇನ್ನೂ ಸರಿಯಾಗಿಲ್ಲ, ಗಂಟಲು ಮಾತ್ರ ಬೇಗ ಸರಿಯಾಯಿತು. ಮನೆಯಲ್ಲಿ ನಮಗೆ ಕಷ್ಟ ಆದದ್ದು ಹಳೆಯ ಅಭ್ಯಾಸಗಳು.

ಮೊದಲನೆಯದು ನೀರು ಎತ್ತಿ ಕುಡಿಯುವುದು. ಚೊಂಬು ಬಾಯಿಗೆ ತಾಗಬಾರದು ಅಂತ ಅಪ್ಪ ಜೀವಮಾನ ಇಡೀ ಎತ್ತಿಯೇ ಕುಡಿದವರು. ತಲೆ ಹಿಂದಕ್ಕೆ ಹೋದರೆ ಶ್ವಾಸದ ದಾರಿ ತೆರೆದುಕೊಳ್ಳುತ್ತದೆ ಅಂತ ಥೆರಪಿಸ್ಟ್ ಚಿತ್ರ ಬರೆದು ತೋರಿಸಿದರು. ಅಪ್ಪನಿಗೆ ಎಂಜಲಿನ ಮಡಿಯದ್ದೇ ಚಿಂತೆ. ಅವರಿಗೇ ಅಂತ ಒಂದು ಅಗಲ ಬಾಯಿಯ ಸ್ಟೀಲ್ ಲೋಟ ಬೇರೆ ತೆಗೆದಿಟ್ಟೆವು, ಬೇರೆ ಯಾರೂ ಮುಟ್ಟುವುದಿಲ್ಲ ಅಂದೆವು. ಆಮೇಲೆ ಒಪ್ಪಿದರು. ಅಗಲ ಲೋಟ ಯಾಕೆಂದರೆ ಕೊನೆಯ ಗುಟುಕಿಗೂ ತಲೆ ಎತ್ತಬೇಕಾಗುವುದಿಲ್ಲ.

ಎರಡನೆಯದು ಎಲೆ ಅಡಿಕೆ. ಬಾಯಿ ಜೋಮು ಇರುವ ಕಡೆ ಕೆನ್ನೆಯಲ್ಲಿ ಅಡಿಕೆ ಚೂರು ಕೂತಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ಮಲಗಿದಾಗ ಅದು ಗಂಟಲಿಗೆ ಜಾರುತ್ತದೆ. ಅಡಿಕೆ ತೋಟದವರ ಮನೆಯಲ್ಲಿ ಅಡಿಕೆ ಬಿಡಿಸುವುದು ಸುಲಭ ಇಲ್ಲ. ಆದರೂ ಬಿಡಿಸಿದೆವು.

ಮೂರನೆಯದು ನೆಲದಲ್ಲಿ ಮಣೆ ಹಾಕಿ ಕೂರುವುದು. ಒಂದು ಕಡೆ ಬಲ ಇಲ್ಲದವರು ನೆಲದಲ್ಲಿ ವಾಲುತ್ತಾರೆ. ಕೈ ಇರುವ ಕುರ್ಚಿ, ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಬಲ ಇಲ್ಲದ ಕಡೆ ತಲೆದಿಂಬು. ಕೊಡುವವರು ಎದುರು ಸ್ಟೂಲಿನಲ್ಲಿ ಕೂರಬೇಕು. ನಿಂತು ಕೊಟ್ಟರೆ ಅವರು ತಲೆ ಎತ್ತಿ ನೋಡುತ್ತಾರೆ, ಗಂಟಲು ತೆರೆಯುತ್ತದೆ.

ಇನ್ನು ನೆಂಟರು. ದೇವಸ್ಥಾನದಿಂದ ತೀರ್ಥ ತಂದವರು ನೇರ ಬಾಯಿಗೆ ಬಿಡುತ್ತಾರೆ. ಬೇಡ ಅಂದರೆ ಬೇಸರ. ನಾವು ಹಾಸಿಗೆಯ ಮೇಲೆ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆವು: "ಕೇಳದೆ ಬಾಯಿಗೆ ಏನೂ ಕೊಡಬೇಡಿ, ತೀರ್ಥವನ್ನು ತಲೆಗೆ ಪ್ರೋಕ್ಷಿಸಿ." ಭಟ್ಟರೇ ಅದನ್ನು ಓದಿ ಸರಿ ಅಂದರು. ಆಮೇಲೆ ಯಾರೂ ಮಾತಾಡಲಿಲ್ಲ.

ಪೆರ್ಲದ ಮಗಳು

ಎಲ್ಲರಿಗೂ ತುಂಬಾ ಉಪಕಾರ. ಅಮ್ಮನನ್ನು ಅವತ್ತೇ ಕರೆದುಕೊಂಡು ಹೋದೆ. ಬಲಗಡೆ ಶ್ವಾಸಕೋಶದ ಕೆಳಗೆ ಸೋಂಕು ಶುರುವಾಗಿದೆ ಅಂದರು. ಆಂಟಿಬಯೋಟಿಕ್ ಕೊಟ್ಟಿದ್ದಾರೆ. ಈಗ ಜ್ವರ ಇಲ್ಲ. ನುಂಗುವ ಪರೀಕ್ಷೆಗೆ ಮುಂದಿನ ವಾರ ಬರಲಿಕ್ಕೆ ಹೇಳಿದರು. ಮೂಗಿನಿಂದ ಕ್ಯಾಮೆರಾ ಹಾಕಿ ನೋಡುತ್ತಾರಂತೆ. ಅಮ್ಮನಿಗೆ ನೋವಾಗುತ್ತದೆಯಾ? ಚಿಕ್ಕಮ್ಮನಿಗೆ ನಾನೇನೂ ಹೇಳಲಿಲ್ಲ. ಅವರು ಪ್ರೀತಿಯಿಂದ ಕೊಟ್ಟದ್ದು.

ಮಂಜೇಶ್ವರದ ಸ್ಪೀಚ್ ಥೆರಪಿಸ್ಟ್

ಸಮಾಧಾನ ಆಯಿತು ಅಕ್ಕ. ಈ ಪರೀಕ್ಷೆಗೆ ಫೀಸ್ (FEES) ಅಂತ ಹೆಸರು, ದುಡ್ಡಿನ ಫೀಸ್ ಅಲ್ಲ. ಮೂಗಿನ ಟ್ಯೂಬ್ ಹಾಕಿದಾಗ ಆದಷ್ಟೇ ಕಿರಿಕಿರಿ. ತೆಳ್ಳಗಿನ ಕ್ಯಾಮೆರಾ ಗಂಟಲಿನ ಮೇಲೆ ನಿಲ್ಲುತ್ತದೆ. ಬಣ್ಣ ಹಾಕಿದ ನೀರು, ದಪ್ಪ ದ್ರವ, ಮೆತ್ತಗಿನ ಆಹಾರ ಒಂದೊಂದೇ ಕೊಟ್ಟು ಎಲ್ಲಿ ಹೋಗುತ್ತದೆ, ಎಲ್ಲಿ ಉಳಿಯುತ್ತದೆ ಅಂತ ನೋಡುತ್ತಾರೆ. ಇನ್ನೊಂದು ಬಗೆಯ ಪರೀಕ್ಷೆ ಇದೆ. ಬೇರಿಯಂ ಸೇರಿಸಿದ ಆಹಾರ ಕೊಟ್ಟು ಎಕ್ಸ್‌ರೇ ವಿಡಿಯೋ ತೆಗೆಯುವುದು. ಎರಡೂ ಒಳ್ಳೆಯದೇ.

ಹೋಗುವಾಗ ಅಮ್ಮ ಚೆನ್ನಾಗಿ ಎಚ್ಚರ ಇರುವ ಹೊತ್ತು ನೋಡಿ ಹೋಗಿ. ಕನ್ನಡಕ, ಶ್ರವಣ ಯಂತ್ರ, ಹಲ್ಲಿನ ಸೆಟ್ ಇದ್ದರೆ ತೆಗೆದುಕೊಂಡು ಹೋಗಿ. ಮನೆಯಲ್ಲಿ ಮಾಡಿದ ನುಣ್ಣನೆ ಗಂಜಿ ಸಣ್ಣ ಡಬ್ಬಿಯಲ್ಲಿ ಒಯ್ಯಿರಿ. ಅದನ್ನೇ ಕೊಟ್ಟು ನೋಡಿ ಅಂತ ಕೇಳಿ. ಪಾಪ, ಆಸ್ಪತ್ರೆಯ ಬಿಸ್ಕಿಟ್ಟು ನಮ್ಮ ಅಜ್ಜಿಯರು ದಿನಾ ತಿನ್ನುವ ವಸ್ತು ಅಲ್ಲ.

ಮತ್ತೆ ಮೂರು ಮಾತು ಬರೆಸಿಕೊಂಡು ಬನ್ನಿ: ಯಾವ ದಪ್ಪದ ದ್ರವ, ಯಾವ ಮೆತ್ತಗಿನ ಆಹಾರ, ಯಾವ ಭಂಗಿ. ಐಡಿಡಿಎಸ್‌ಐ ಅಂತ ಲೋಕ ಇಡೀ ಬಳಸುವ ಒಂದು ಅಳತೆ ಇದೆ, 0ಯಿಂದ 7ರವರೆಗೆ. 0 ಎಂದರೆ ನೀರು, 7 ಎಂದರೆ ನಮ್ಮ ಮಾಮೂಲಿ ಊಟ. ಸಂಖ್ಯೆ ಬರೆಸಿಕೊಂಡರೆ ಮನೆಗೆ ಬಂದ ಮೇಲೆ ಅಂದಾಜು ಮಾಡಬೇಕಾಗಿಲ್ಲ.

ಉಪ್ಪಳ

ನಾನು ಕೆಲಸ ಮಾಡುವುದು ಕುವೈತಿನಲ್ಲಿ, ಮಾವನನ್ನು ಮನೆಯಲ್ಲಿ ತಂಗಿ ನೋಡಿಕೊಳ್ಳುತ್ತಾಳೆ. ಯೂಟ್ಯೂಬ್‌ನಲ್ಲಿ ತಲೆ ಎತ್ತುವ, ನಾಲಿಗೆ ಕಚ್ಚಿ ನುಂಗುವ ಎಕ್ಸರ್‌ಸೈಜ್ ನೋಡಿ ಕಳಿಸಿದ್ದೇನೆ. ಮಾಡಿಸಬಹುದಾ? ಇದರಿಂದ ನಿಜವಾಗಿ ಸರಿಯಾಗುತ್ತದಾ? ಗಂಟಲಿಗೆ ಕರೆಂಟ್ ಕೊಡುವ ಮೆಷಿನ್ ಬಗ್ಗೆಯೂ ಕೇಳಿದೆ.

ಮಂಜೇಶ್ವರದ ಸ್ಪೀಚ್ ಥೆರಪಿಸ್ಟ್

ಸರಿಯಾಗುತ್ತದೆ, ತುಂಬಾ ಜನರಿಗೆ. ಯಾಕೆ ಅಂತ ತಿಳಿದರೆ ಉತ್ಸಾಹ ಬರುತ್ತದೆ. ಕೈಯನ್ನು ನಡೆಸುವುದು ಹೆಚ್ಚಾಗಿ ಮೆದುಳಿನ ಎದುರು ಬದಿ. ಆದರೆ ನುಂಗುವುದಕ್ಕೆ ಮೆದುಳಿನ ಎರಡೂ ಬದಿಯಲ್ಲಿ ಜಾಗ ಇದೆ, ಒಂದು ಬದಿಯಲ್ಲಿ ಸ್ವಲ್ಪ ಜಾಸ್ತಿ. ಮ್ಯಾಂಚೆಸ್ಟರಿನ ಶಾಹೀನ್ ಹಮ್ದಿ ಮತ್ತು ಜತೆಗಾರರು 1990ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಜಾಸ್ತಿ ಇರುವ ಬದಿಗೆ ಪೆಟ್ಟಾದರೆ ನುಂಗುವುದು ಕೆಡುತ್ತದೆ. ಮತ್ತೆ ಸುಧಾರಿಸುವಾಗ ಪೆಟ್ಟಾಗದ ಬದಿಯ ಜಾಗ ದೊಡ್ಡದಾಗುತ್ತದೆ. ಮುಳ್ಳೇರಿಯದವರ ಅಪ್ಪನಿಗೆ ಕೈಗಿಂತ ಮೊದಲು ಗಂಟಲು ಸರಿಯಾಯಿತು ಅಂದರಲ್ಲ, ಅದಕ್ಕೆ ಇದು ಕಾರಣ ಇರಬಹುದು. ಮೆದುಳಿನ ಕಾಂಡದಲ್ಲಿ ಸ್ಟ್ರೋಕ್ ಆದವರಿಗೆ ಮಾತ್ರ ದಾರಿ ಉದ್ದ. ಅಲ್ಲಿ ನುಂಗುವ ಕೇಂದ್ರಕ್ಕೇ ಪೆಟ್ಟು ಬಿದ್ದಿರುತ್ತದೆ.

ಆ ಜಾಗ ಬೆಳೆಯುವುದು ಬಳಸಿದಾಗ. ಆದ್ದರಿಂದ ನುಂಗುವುದಕ್ಕೆ ಅತ್ಯುತ್ತಮ ವ್ಯಾಯಾಮ ನುಂಗುವುದೇ. ಯಾವುದು ಆ ವ್ಯಕ್ತಿಗೆ ಅಪಾಯವಿಲ್ಲದೆ ಇಳಿಯುತ್ತದೆ ಅಂತ ಹುಡುಕಿ, ಅದನ್ನು ದಿನಾ ಹಲವು ಸಲ ಗಟ್ಟಿಯಾಗಿ ನುಂಗಿಸುವುದು. ಏನೂ ಇಳಿಯದಿದ್ದರೆ ಶುಚಿ ಬಾಯಿಯಲ್ಲಿ ಎಂಜಲನ್ನೇ ನುಂಗಿಸುವುದು. ಮೂರು ತಿಂಗಳು ಟ್ಯೂಬಿನಲ್ಲೇ ಇಟ್ಟು, ಬಾಯಿಗೆ ಕೆಲಸವನ್ನೇ ಕೊಡದೆ, ಮತ್ತೆ ಪರೀಕ್ಷೆಗೂ ಕರೆದುಕೊಂಡು ಹೋಗದೆ ಇರುವ ಮನೆಗಳನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಅವರಲ್ಲಿ ಎಷ್ಟೋ ಜನ ಅಷ್ಟರಲ್ಲಿ ಉಣ್ಣಬಹುದಿತ್ತು.

ನೀವು ಕಳಿಸಿದ ವಿಡಿಯೋಗಳ ಬಗ್ಗೆ. ಮಲಗಿ ತಲೆ ಮಾತ್ರ ಎತ್ತಿ ಕಾಲಬೆರಳು ನೋಡುವುದಕ್ಕೆ ಶೇಕರ್ ಅಂತ ಹೆಸರು, ಅದನ್ನು ರೂಪಿಸಿದ ಡಾಕ್ಟರ ಹೆಸರಿನಿಂದ. ಒಂದು ನಿಮಿಷ ಎತ್ತಿ ಹಿಡಿಯುವುದು, ಒಂದು ನಿಮಿಷ ವಿಶ್ರಾಂತಿ, ಹೀಗೆ ಮೂರು ಸಲ. ಆಮೇಲೆ 30 ಸಲ ಎತ್ತಿ ಇಳಿಸುವುದು. ದಿನಕ್ಕೆ ಮೂರು ಹೊತ್ತು, ಆರು ವಾರ. ಅನ್ನನಾಳದ ಬಾಗಿಲು ಚೆನ್ನಾಗಿ ತೆರೆಯಲು ಇದು ಸಹಾಯ ಮಾಡುತ್ತದೆ. ಆದರೆ ಮಾವನಿಗೆ ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ, ಕುತ್ತಿಗೆ ಸವೆದಿದ್ದರೆ ಇದನ್ನು ಡಾಕ್ಟರನ್ನು ಕೇಳದೆ ಮಾಡಿಸಬೇಡಿ. ಕೂತಲ್ಲೇ ಗದ್ದದ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತುವ ವಿಧಾನ ಇದೆ, ವಯಸ್ಸಾದವರಿಗೆ ಅದು ಸುಲಭ.

ನಾಲಿಗೆ ತುದಿಯನ್ನು ಹಲ್ಲುಗಳ ನಡುವೆ ಹಿಡಿದು ನುಂಗುವುದು ಮಸಾಕೊ. ಅದು ಎಂಜಲು ನುಂಗಲಿಕ್ಕೆ ಮಾತ್ರ. ಬಾಯಲ್ಲಿ ಅನ್ನ ಇರುವಾಗ ಮಾಡಿಸಿದರೆ ಅಪಾಯ. ಉಸಿರು ಬಿಗಿಹಿಡಿದು ತಿಣುಕಿ ನುಂಗುವ ವಿಧಾನವೂ ಇದೆ. ಹೃದಯದ ತೊಂದರೆ ಇರುವವರಿಗೆ ಅದು ಬೇಡ.

ಪೆರ್ಲದ ಅಕ್ಕನ ಅಮ್ಮನ ಹಾಗೆ ಬಲಭಾಗ ಹೋಗಿ ಮಾತೂ ಕೆಟ್ಟವರಿಗೆ ಹೇಳಿದ್ದು ಪೂರ್ತಿ ಅರ್ಥ ಆಗದೆ ಇರಬಹುದು. "ಗಂಟಲು ಮೇಲೆ ಹಿಡಿದುಕೊಳ್ಳಿ" ಅಂದರೆ ಅವರಿಗೆ ಹಿಂಸೆ. ಎದುರು ಕೂತು ನೀವೇ ಮಾಡಿ ತೋರಿಸಿ, ಕನ್ನಡಿ ಹಿಡಿಯಿರಿ. ಒಂದೇ ಮಾತು ಹೇಳಿ: "ಅಮ್ಮ, ಜೋರಾಗಿ ನುಂಗಿ." ಸಾಕು.

ಕರೆಂಟಿನ ಮೆಷಿನ್ ವ್ಯಾಯಾಮದ ಜತೆ ಕೊಟ್ಟರೆ ಕೆಲವರಿಗೆ ಉಪಯೋಗ ಆಗುತ್ತದೆ ಅಂತ ಅಧ್ಯಯನಗಳಿವೆ. ಮೆಷಿನ್ ಮಾತ್ರ ಹಚ್ಚಿ ಕೂರಿಸಿ ದುಡ್ಡು ತೆಗೆದುಕೊಳ್ಳುವ ಕಡೆ ಹೋಗಬೇಡಿ.

ಹೊಸಂಗಡಿ

ನನ್ನದು ಬೇರೆ ಅಭಿಪ್ರಾಯ. ಅತ್ತೆಗೆ ನೀರಿಗೆ ದಪ್ಪ ಮಾಡುವ ಪುಡಿ ಬರೆದುಕೊಟ್ಟರು. ಡಬ್ಬಿಗೆ ಒಳ್ಳೆ ಬೆಲೆ. ಅದನ್ನು ಹಾಕಿದ ನೀರನ್ನು ಅವರು ಉಗಿಯುತ್ತಿದ್ದರು. ಕೊನೆಗೆ ಮೂತ್ರ ಕಡಿಮೆಯಾಗಿ, ತಲೆ ತಿರುಗಿ, ಡ್ರಿಪ್ ಹಾಕಿಸಬೇಕಾಯಿತು. ಎದೆ ಉಳಿಸಲಿಕ್ಕೆ ಹೋಗಿ ಮೈ ಒಣಗಿಸಿದ ಹಾಗಾಯಿತು ಅಲ್ವಾ?

ಮಂಜೇಶ್ವರದ ಸ್ಪೀಚ್ ಥೆರಪಿಸ್ಟ್

ನೀವು ಹೇಳಿದ್ದು ಸರಿ. ಇದನ್ನು ನಮ್ಮ ವೃತ್ತಿಯವರೇ ಈಗ ತುಂಬಾ ಚರ್ಚೆ ಮಾಡುತ್ತಿದ್ದಾರೆ. ದಪ್ಪ ಮಾಡಿದ ನೀರು ಎಕ್ಸ್‌ರೇಯಲ್ಲಿ ಶ್ವಾಸನಾಳಕ್ಕೆ ಕಡಿಮೆ ಹೋಗುವುದು ಕಾಣುತ್ತದೆ. ನ್ಯುಮೋನಿಯಾ ಅಷ್ಟೇ ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಮೈ ಒಣಗುವ ಅಪಾಯ ನಿಜವಾದದ್ದು. ಅದಕ್ಕೇ ದಪ್ಪ ನೀರು ಬರೆದುಕೊಟ್ಟವರು ಮತ್ತೆ ಯಾವಾಗ ನೋಡುತ್ತಾರೆ ಅಂತಲೂ ಬರೆಯಬೇಕು.

ಬೇಕಾದ್ದಕ್ಕಿಂತ ಜಾಸ್ತಿ ದಪ್ಪ ಮಾಡುವುದು ಮನೆಗಳಲ್ಲಿ ಸಾಮಾನ್ಯ. ಐಡಿಡಿಎಸ್‌ಐ ಮಟ್ಟ ಅಳೆಯಲು ಸೂಜಿ ಇಲ್ಲದ 10 ಮಿಲಿ ಸಿರಿಂಜ್ ಸಾಕು. 0ಯಿಂದ 10ರ ಗುರುತಿನ ನಡುವೆ 61.5 ಮಿಲಿಮೀಟರ್ ಉದ್ದ ಇರುವ ಸಿರಿಂಜ್ ಬೇಕು, ಸ್ಕೇಲಿನಲ್ಲಿ ನೋಡಿಕೊಳ್ಳಿ. ಪಿಸ್ಟನ್ ತೆಗೆದು, ತುದಿಗೆ ಬೆರಳು ಒತ್ತಿ 10ರವರೆಗೆ ತುಂಬಿಸಿ. ಬೆರಳು ತೆಗೆದು 10 ಸೆಕೆಂಡ್ ಬಿಟ್ಟು ಮತ್ತೆ ಒತ್ತಿ. 1ರಿಂದ 4 ಮಿಲಿ ಉಳಿದರೆ 1ನೇ ಮಟ್ಟ, 4ರಿಂದ 8 ಉಳಿದರೆ 2ನೇ ಮಟ್ಟ, 8ಕ್ಕಿಂತ ಜಾಸ್ತಿ ಉಳಿದರೆ 3ನೇ ಮಟ್ಟ, ಏನೂ ಇಳಿಯದಿದ್ದರೆ 4ನೇ ಮಟ್ಟ. ರಾಗಿ ಅಂಬಲಿಯನ್ನೂ ಇದರಲ್ಲಿ ನೋಡಬಹುದು. ಬಿಸಿ ಇರುವಾಗ ಒಂದು ಅಳತೆ, ಆರಿದ ಮೇಲೆ ಇನ್ನೊಂದು ಬರುತ್ತದೆ. ಕುಡಿಯುವಾಗಿನ ಬಿಸಿಯಲ್ಲೇ ನೋಡಿ.

ಎಲ್ಲಾ ನೀರು ಲೋಟದಲ್ಲೇ ಹೋಗಬೇಕಾಗಿಲ್ಲ. ನುಣ್ಣನೆಯ ರಾಗಿ ಮಣ್ಣಿ, ಗಟ್ಟಿ ಮೊಸರು, ನಾರಿಲ್ಲದ ಪಪ್ಪಾಯಿ ರುಬ್ಬಿದ್ದು, ಸೋರೆಕಾಯಿ ಬೇಯಿಸಿ ರುಬ್ಬಿದ್ದು, ಎಲ್ಲದರಲ್ಲೂ ನೀರಿದೆ. ಐಸ್‌ಕ್ರೀಮ್, ಜೆಲ್ಲಿ ಗಟ್ಟಿ ಕಾಣುತ್ತದೆ, ಬಾಯಲ್ಲಿ ನೀರಾಗುತ್ತದೆ. ತೆಳು ನೀರು ಆಗದವರಿಗೆ ಅದೂ ಬೇಡ.

ಅಮೆರಿಕದ ಲೂಯಿವಿಲ್ಲಿನ ಫ್ರೇಜಿಯರ್ ಎಂಬ ಪುನರ್ವಸತಿ ಆಸ್ಪತ್ರೆಯವರು 1984ರಲ್ಲಿ ಇನ್ನೊಂದು ಕ್ರಮ ಶುರು ಮಾಡಿದರು. ಬಾಯಿ ಚೆನ್ನಾಗಿ ಶುಚಿ ಮಾಡಿ, ಊಟದ ಜತೆ ಅಲ್ಲದೆ, ಊಟವಾಗಿ ಅರ್ಧ ಗಂಟೆ ಬಿಟ್ಟು ಬರೀ ನೀರು ಕೊಡುವುದು. ಶುಚಿಯಾದ ಬಾಯಿಂದ ಹೋದ ಸ್ವಲ್ಪ ನೀರನ್ನು ಶ್ವಾಸಕೋಶ ಹೀರಿಕೊಳ್ಳಬಲ್ಲದು ಎಂಬ ಆಧಾರದಲ್ಲಿ. ಕೂತು ಇರಬಲ್ಲ, ಎಚ್ಚರ ಇರುವ, ಎದೆ ಚೆನ್ನಾಗಿರುವವರಿಗೆ ಇದನ್ನು ಆಯ್ದು ಕೊಡುತ್ತೇವೆ. ನಿಮ್ಮ ಥೆರಪಿಸ್ಟ್ ಹತ್ತಿರ ಕೇಳಿ ನೋಡಿ. ನೀವಾಗಿಯೇ ಶುರು ಮಾಡಬೇಡಿ.

ಬಾಯಾರು

ನಾವು ಆಯುರ್ವೇದ ಮಾಡಿಸುತ್ತಿದ್ದೇವೆ. ಕಷಾಯ, ನಸ್ಯ, ತುಪ್ಪ ಇದೆ. ನಿಲ್ಲಿಸಬೇಕಾ?

ಬದಿಯಡ್ಕ ಕಡೆಯ ಪಾಲಿಯೇಟಿವ್ ನರ್ಸ್

ವೈದ್ಯರಿಗೆ ನುಂಗುವ ತೊಂದರೆ ಇದೆ ಅಂತ ಮೊದಲು ಹೇಳಿ. ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ? ಕಷಾಯ ನೀರಿನಷ್ಟೇ ತೆಳು, ಟ್ಯೂಬ್ ಇದ್ದರೆ ಅದರಲ್ಲಿ ಹಾಕಬಹುದಾ ಕೇಳಿ. ಮೂಗಿಗೆ ಎಣ್ಣೆ ಬಿಡುವುದು ಈ ಸ್ಥಿತಿಯಲ್ಲಿ ಬೇಡವೇ ಬೇಡ. ಎಣ್ಣೆ ಎದೆಗೆ ಇಳಿದರೆ ಕೆಮ್ಮು ಬಾರದೇ ಇರಬಹುದು, ಆದರೆ ಶ್ವಾಸಕೋಶದಲ್ಲಿ ಬೇರೆಯೇ ಬಗೆಯ ನ್ಯುಮೋನಿಯಾ ಆಗಬಹುದು. ಮೈಗೆ ಎಣ್ಣೆ ಹಚ್ಚುವುದಕ್ಕೆ ನಮ್ಮ ಅಡ್ಡಿ ಇಲ್ಲ.

ಕುಂಬಳೆ

ಅಣ್ಣನಿಗೆ ಮೆದುಳಿನ ಕಾಂಡದಲ್ಲಿ ಆದದ್ದು. ಎರಡು ತಿಂಗಳಾಯಿತು, ಎಂಜಲೂ ಇಳಿಯುವುದಿಲ್ಲ. ಹೊಟ್ಟೆಗೆ ಟ್ಯೂಬ್ ಹಾಕಿಸಿ ಅನ್ನುತ್ತಾರೆ. ಅತ್ತಿಗೆ ಅಳುತ್ತಾರೆ, ಅದು ಕಡೆಯ ಹಂತ ಅಂತ. ಏನು ಮಾಡುವುದು ತಿಳಿಯುವುದಿಲ್ಲ.

ಮಂಜೇಶ್ವರದ ಸ್ಪೀಚ್ ಥೆರಪಿಸ್ಟ್

ಕಡೆಯ ಹಂತ ಅಲ್ಲ ಅಣ್ಣ. ಅತ್ತಿಗೆಗೆ ಹೇಳಿ, ಆ ಟ್ಯೂಬನ್ನು ತೆಗೆಯಲಿಕ್ಕೂ ಬರುತ್ತದೆ. ಬಾಯಿಂದ ಸಾಕಷ್ಟು ಹೋಗಲು ಶುರುವಾದಾಗ ತೆಗೆಯುತ್ತಾರೆ.

ಮೊದಲ ಎರಡು ಮೂರು ವಾರ ಮೂಗಿನ ಟ್ಯೂಬೇ ಸರಿ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫುಡ್ ಎಂಬ ದೊಡ್ಡ ಅಧ್ಯಯನದಲ್ಲಿ ಆ ದಿನಗಳಲ್ಲಿ ಅವಸರದಿಂದ ಹೊಟ್ಟೆಗೆ ಟ್ಯೂಬ್ ಹಾಕಿದವರಿಗೆ ಲಾಭ ಕಾಣಲಿಲ್ಲ. ಆದರೆ ತಿಂಗಳು ದಾಟಿಯೂ ಟ್ಯೂಬ್ ಬೇಕು ಅಂತ ಕಂಡರೆ ಮಾತು ಬೇರೆ. ಮೂಗಿನ ಟ್ಯೂಬ್ ಪದೇ ಪದೇ ಕಿತ್ತು ಬರುತ್ತದೆ, ಮೂಗಿನಲ್ಲಿ ಹುಣ್ಣಾಗುತ್ತದೆ. ಹೊಟ್ಟೆಯ ಟ್ಯೂಬ್ ಅಂಗಿಯ ಒಳಗೆ ಇರುತ್ತದೆ, ಹೊರಗೆ ಕಾಣುವುದಿಲ್ಲ. ಮುಖ ಖಾಲಿ ಇದ್ದರೆ ಥೆರಪಿಯೂ ಸುಲಭ. ನಿಮ್ಮ ಅಣ್ಣನ ಹಾಗಿನವರಲ್ಲಿ ತಿಂಗಳುಗಳ ನಂತರವೂ ನುಂಗುವುದು ಬಂದದ್ದುಂಟು.

ಅಣ್ಣನಿಗೆ ತಿಳಿವಳಿಕೆ ಚೆನ್ನಾಗಿದೆಯಲ್ಲ? ಅವರನ್ನೇ ಕೇಳಿ. ಅವರ ಮೈ, ಅವರ ಊಟ. ಮನೆಯವರು ಹೊರಗೆ ನಿಂತು ತೀರ್ಮಾನ ಮಾಡಿ ಒಳಗೆ ಬಂದು ಹೇಳುವುದು ಸರಿಯಲ್ಲ. ತಜ್ಞರ ಇನ್ನೊಂದು ಅಭಿಪ್ರಾಯ ಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯನ್ನು ನೋಡುತ್ತಾರೆ. ದೂರ ಹೌದು, ಆದರೆ ಮಾತು ಕನ್ನಡದಲ್ಲೇ ಆಗುತ್ತದೆ. ಮಂಗಳೂರಿನಲ್ಲೂ ಥೆರಪಿಸ್ಟ್‌ಗಳಿದ್ದಾರೆ. ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇದೆಯಾ ಕೇಳಿ, ನುಂಗುವ ತೊಂದರೆ ನೋಡುತ್ತೀರಾ ಅಂತಲೂ ಕೇಳಿ. ಎಲ್ಲಾ ಸ್ಪೀಚ್ ಥೆರಪಿಸ್ಟ್‌ಗಳೂ ನೋಡುವುದಿಲ್ಲ.

ಪೆರ್ಲದ ಮಗಳು

ಪರೀಕ್ಷೆ ಆಯಿತು. ನೀರು ಇನ್ನೂ ಬೇಡ ಅಂದರು. 4ನೇ ಮಟ್ಟದ ನುಣ್ಣನೆ ಆಹಾರ ಸಣ್ಣ ಚಮಚದಲ್ಲಿ ದಿನಕ್ಕೆ ಮೂರು ಸಲ, ಉಳಿದದ್ದು ಟ್ಯೂಬಿನಲ್ಲಿ. ತಲೆ ಬಲಗಡೆಗೆ ತಿರುಗಿಸಿ ನುಂಗಬೇಕಂತೆ. ಒಂದು ಚಮಚಕ್ಕೆ ಎರಡು ಸಲ ನುಂಗಿಸಲು ಹೇಳಿದ್ದಾರೆ. ರುಬ್ಬಿದ ಗಂಜಿ ಒಯ್ದಿದ್ದೆ. ಅದನ್ನೇ ಕೊಟ್ಟು ನೋಡಿದರು.

ಒಂದು ಸಂಶಯ. ಮಾತ್ರೆಗಳನ್ನು ಈಗ ಪುಡಿ ಮಾಡಿ ಗಂಜಿಯಲ್ಲಿ ಕೊಡಬಹುದಾ? ಮತ್ತೆ ತಿನ್ನುವಾಗ ನೆತ್ತಿಗೆ ಹತ್ತಿದರೆ ಏನು ಮಾಡಬೇಕು? ನಮ್ಮಲ್ಲಿ ತಲೆ ತಟ್ಟಿ ನೀರು ಕುಡಿಸುತ್ತಾರೆ.

ಬದಿಯಡ್ಕ ಕಡೆಯ ಪಾಲಿಯೇಟಿವ್ ನರ್ಸ್

ತುಂಬಾ ಖುಷಿಯಾಯಿತು ಅಕ್ಕ.

ಮಾತ್ರೆಯ ಪಟ್ಟಿ ಹಿಡಿದು ಫಾರ್ಮಸಿಸ್ಟ್ ಹತ್ತಿರ ಒಂದೊಂದನ್ನೂ ಕೇಳಿ. ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಹೋಗುತ್ತದೆ. ಬಿಪಿ, ಶುಗರ್ ಮಾತ್ರೆಗಳಲ್ಲಿ ಇಂಥವು ಇವೆ. ಹೊಟ್ಟೆಯ ಆಮ್ಲದಿಂದ ಕಾಪಾಡಲು ಲೇಪ ಹಾಕಿದ ಗ್ಯಾಸ್ ಮಾತ್ರೆ, ಲೇಪವಿರುವ ಆಸ್ಪಿರಿನ್ ಕೂಡ ಪುಡಿ ಮಾಡುವಂಥದ್ದಲ್ಲ. ಅದೇ ಔಷಧಿ ಬೇರೆ ರೂಪದಲ್ಲಿ ಸಿಗುತ್ತದೆ, ಡಾಕ್ಟರು ಬದಲಿಸಿ ಕೊಡುತ್ತಾರೆ. ಟ್ಯೂಬ್ ಇರುವಷ್ಟು ದಿನ ಅದರಲ್ಲೇ ಕೊಡಿ, ಒಂದೊಂದಾಗಿ, ನಡುವೆ ನೀರು ಹಾಕಿ. ಬಾಯಿಗೆ ಕೊಡುವ ಗಂಜಿಗೆ ಕಹಿ ಬೆರೆಸಬೇಡಿ. ಈಗಷ್ಟೇ ಊಟ ಮಾಡಲು ಶುರು ಮಾಡಿದ್ದಾರೆ.

ನೆತ್ತಿಗೆ ಹತ್ತಿದಾಗ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಮುಂದಕ್ಕೆ ಬಾಗಿಸಿ ಹಿಡಿದುಕೊಳ್ಳಿ. ನೀರು ಕುಡಿಸಬಾರದು. ಅದೇ ದಾರಿಯಲ್ಲಿ ನೀರೂ ಹೋಗುತ್ತದೆ. ಕೆಮ್ಮಲಿಕ್ಕೂ ಆಗದೆ, ಸ್ವರ ಬಾರದೆ, ತುಟಿ ನೀಲಿಯಾದರೆ ಮುಂದಕ್ಕೆ ಬಾಗಿಸಿ ಬೆನ್ನಿನ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ಅಪ್ಪಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಿರಿ. ಹೀಗೆ ಒಂದಾದ ಮೇಲೆ ಒಂದು ಮಾಡುತ್ತಿರುವಾಗ ಮಕ್ಕಳು 108ಕ್ಕೆ ಫೋನ್ ಮಾಡಲಿ. ದೊಡ್ಡ ಮಗುವಿಗೆ ಈಗಲೇ ಹೇಳಿಕೊಟ್ಟಿಡಿ, ಮನೆಯ ವಿಳಾಸ ಸಮೇತ.

ಗುರುವಾರ ನಮ್ಮ ತಂಡ ಆ ಕಡೆ ಬರುವುದಿದೆ. ಹೆಸರು ಬರೆಸಿದ್ದರೆ ಅವತ್ತು ಬಂದು ಟ್ಯೂಬ್ ನೋಡುತ್ತೇವೆ. ಬೆಳಿಗ್ಗೆ ಒಂಬತ್ತಕ್ಕೆ ಟ್ಯೂಬಿಗೆ ಏನೂ ಹಾಕದೆ ಇಡಿ.